ಹಿಡಿದ ಕೆಲಸ ಮುಗಿಸಿದ ಹಿರಿಯರು : ಸರ್ ಎಂ. ವಿಶ್ವೇಶ್ವರಯ್ಯ



ಬೆಳ್ಳಿ ಹಬ್ಬದ ಸಂಚಿಕೆಗೆ ಏನಾದರೂ ಬರೆದು ಕೊಡ್ರಿ ಅಂತ ಕೇಳಿದಾಗ ನನಗೆ ಮೊದಲು ನೆನಪಾದದ್ದು ನಮ್ಮ ಗೋಡಾವನ. ಅಡಿಪಾಯ ಹಾಕಿ, ಗ್ವಾಡಿ ಎದೆಮಟ್ಟ ಎಬ್ಬಿಸಿ, ರೊಕ್ಕ ತೀರಿತು ಅಂತ ಎರಡು ಮಳೆಗಾಲ ಹಾಗೇ ಬಿಟ್ಟದ್ದು ಹಳೆಯ ಸದಸ್ಯರಿಗೆ ಗೊತ್ತೇ ಇದೆ. ಗೊಬ್ಬರದ ಚೀಲ ತಾಡಪತ್ರಿ ಕೆಳಗೆ ತೊಯ್ದು ಹೆಂಟೆಯಾದವು. ಆ ಠರಾವಿಗೆ ಕೈ ಎತ್ತಿದವರಲ್ಲಿ ನಾನೂ ಒಬ್ಬ. ಮ್ಯಾಲಿನ ತಗಡಿಗೆ ಎಷ್ಟು ಖರ್ಚು ಬರತದ, ಅದನ್ನ ಎಲ್ಲಿಂದ ತರೂದು ಅಂತ ನಾವು ಯಾರೂ ಅವತ್ತು ವಿಚಾರ ಮಾಡಲಿಲ್ಲ. ಮುಂದೆ ವಿಶ್ವೇಶ್ವರಯ್ಯನವರ ಜೀವನ ಚರಿತ್ರೆ ಓದಿದಾಗ ನನಗೆ ನಾಚಿಕೆಯಾಯಿತು. ಆದ್ದರಿಂದ ಅವರ ಬಗ್ಗೆಯೇ ಬರೆಯುತ್ತಿದ್ದೇನೆ.

ವಿಶ್ವೇಶ್ವರಯ್ಯನವರು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ 1861ರಲ್ಲಿ ಹುಟ್ಟಿದರು. ಸಣ್ಣ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಬೇರೆಯವರ ಮಕ್ಕಳಿಗೆ ಪಾಠ ಹೇಳುತ್ತ 1881ರಲ್ಲಿ ಬಿ.ಎ. ಮುಗಿಸಿದರು. ಪುಣೆಯಲ್ಲಿ ಇಂಜಿನಿಯರಿಂಗ್ ಓದಿ ಮೊದಲನೆಯವರಾಗಿ ಪಾಸಾಗಿ, 1884ರಲ್ಲಿ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಗೆ ಸೇರಿದರು. ಆಗ ನಮ್ಮ ಬೆಳಗಾವಿ ಜಿಲ್ಲೆಯೂ ಮುಂಬಯಿ ಇಲಾಖೆಯಲ್ಲೇ ಇತ್ತು. ಅಂದರೆ ಅವರು ಮೊದಲು ದುಡಿದದ್ದು ನಮ್ಮ ಕಡೆಯ ಸರಕಾರದಲ್ಲಿ, ಮೈಸೂರಿಗೆ ಹೋದದ್ದು ಆಮೇಲೆ.

ಅಲ್ಲಿ ಅವರು ಮಾಡಿದ ಎರಡು ಕೆಲಸ ರೈತರಾದ ನಾವು ತಿಳಿದಿರಬೇಕು. ಒಂದು, ಪುಣೆ ಹತ್ತಿರ ಖಡಕ್‌ವಾಸಲಾ ಕೆರೆ. ನೀರು ಸಾಲುತ್ತಿರಲಿಲ್ಲ, ಒಡ್ಡು ಎತ್ತರಿಸಲು ಬಹಳ ಖರ್ಚು. ಮಹಾಪೂರ ಬಂದರೆ ತಾವಾಗಿಯೇ ತೆರೆದು, ಇಳಿದರೆ ತಾವಾಗಿಯೇ ಮುಚ್ಚುವ ಬಾಗಿಲು ಮಾಡಿ 1903ರಲ್ಲಿ ಕೂಡಿಸಿದರು. ಒಡ್ಡು ಎತ್ತರಿಸದೆಯೇ ಸುಮಾರು 8 ಅಡಿ ನೀರು ಹೆಚ್ಚಿಗೆ ನಿಂತಿತು. ಎರಡನೆಯದು ನೀರಾ ಕಾಲವೆಯ ಬ್ಲಾಕ್ ಪದ್ಧತಿ. ಕಾಲವೆಯ ತಲೆಗೆ ಇದ್ದವರು ಕಬ್ಬಿಗೆ ಬೇಕಾದಷ್ಟು ಬಿಟ್ಟುಕೊಂಡು, ಬಾಲಕ್ಕೆ ಇದ್ದವರು ಬಾಯಿ ಬಾಯಿ ಬಿಡುವುದು ಅಲ್ಲಿಯೂ ಇತ್ತು. (ನಮ್ಮಲ್ಲಿ ಈಗಲೂ ಇದೆ, ಹೆಸರು ಬೇಡ.) ಅವರು ಜಮೀನನ್ನು ಬ್ಲಾಕುಗಳಾಗಿ ಹಂಚಿ, ಬೆಳೆ ಬದಲಿಸುತ್ತ ನೀರು ಕೊಡುವ ಪದ್ಧತಿ ತಂದರು. ಮೊದಲು ವಿರೋಧ ಬಂತು, ಪತ್ರಿಕೆಯವರೂ ಟೀಕಿಸಿದರು. ಅವರು ರೈತರನ್ನು ಕೂಡಿಸಿ ತಿಳಿಸಿ ಹೇಳಿ ಒಪ್ಪಿಸಿದರು.

1909ರಲ್ಲಿ ಮೈಸೂರಿಗೆ ಮುಖ್ಯ ಇಂಜಿನಿಯರರಾಗಿ ಬಂದರು. ಕಾವೇರಿಗೆ ಕನ್ನಂಬಾಡಿಯಲ್ಲಿ ಆಣೆಕಟ್ಟು ಕಟ್ಟುವ ಯೋಜನೆಗೆ ತೊಡಕು ಒಂದಲ್ಲ. ಅಷ್ಟು ಹಣ ಹಾಕಿದರೆ ಸಂಸ್ಥಾನ ದಿವಾಳಿ ಆಗತದ ಅನ್ನುವ ಭಯ ಒಂದು ಕಡೆ, ಕೆಳಗಿನ ಮದ್ರಾಸಿನವರ ತಕರಾರು ಇನ್ನೊಂದು ಕಡೆ. ಅವರು ಮೊದಲು ಲೆಕ್ಕ ಕೂಡಿಸಿದರು. ಬೇಸಿಗೆಯಲ್ಲಿ ಹೊಳಿ ಬತ್ತಿ ಶಿವನಸಮುದ್ರದ ವಿದ್ಯುತ್ತು ಕಡಿಮೆಯಾಗುತ್ತಿತ್ತು. ನೀರು ನಿಲ್ಲಿಸಿದರೆ ಕೋಲಾರದ ಚಿನ್ನದ ಗಣಿಗಳಿಗೆ ಹೆಚ್ಚಿಗೆ ವಿದ್ಯುತ್ತು ಮಾರಬಹುದು, ಆ ಆದಾಯ ಆಣೆಕಟ್ಟಿನ ಸಾಲಕ್ಕೆ ಆಗತದ. ಅಂದರೆ ಕಲ್ಲು ಹೊರುವ ಮೊದಲೇ ರೊಕ್ಕದ ದಾರಿ ತೋರಿಸಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರು ಒಪ್ಪಿದರು. 1911ರ ನವೆಂಬರಿನಲ್ಲಿ ಕೆಲಸ ಸುರುವಾಯಿತು.

ಮದ್ರಾಸಿನ ತಕರಾರಿನಿಂದ ಮೊದಲು ಪರವಾನಿಗೆ ಸಿಕ್ಕದ್ದು 11 ಟಿಎಂಸಿ ನೀರಿನ ಸಣ್ಣ ಆಣೆಕಟ್ಟಿಗೆ ಮಾತ್ರ. ಆದರೂ ಅವರು ಬುನಾದಿಯನ್ನು ಮುಂದಿನ ಪೂರ್ತಿ ಎತ್ತರಕ್ಕೆ ತಕ್ಕಂತೆ ಅಗಲವಾಗಿಯೇ ಹಾಕಿಸಿದರು. ಒಪ್ಪಂದ ಆದದ್ದು 1924ರಲ್ಲಿ, ಆಣೆಕಟ್ಟು ಪೂರ್ತಿಯಾದದ್ದು 1931ರ ಸುಮಾರಿಗೆ. ಅಷ್ಟೊತ್ತಿಗೆ ಅವರು ದಿವಾನಗಿರಿ ಬಿಟ್ಟು ಹತ್ತು ವರ್ಷದ ಮೇಲಾಗಿತ್ತು. ಬುನಾದಿ ಸಣ್ಣದು ಮಾಡಿದ್ದರೆ ಈಗಿನ ಸುಮಾರು 49 ಟಿಎಂಸಿ ಅಲ್ಲಿ ನಿಲ್ಲುತ್ತಿತ್ತೇ? ಇದು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಂತೆ.

ಗಣಿಯವರಿಗೆ 1915ರ ವಾಯಿದೆ ಕೊಟ್ಟಿದ್ದರು. ನಡುವೆ ಹೊಳಿ ಬಂತು, ಆಳುಗಳಿಗೆ ಮಲೇರಿಯಾ ಹತ್ತಿತು. ಅವರು ವೈದ್ಯರನ್ನು ಹೆಚ್ಚಿಸಿದರು, ಆಳುಗಳನ್ನು ಹೆಚ್ಚಿಸಿದರು, ದೀಪ ಹಚ್ಚಿ ರಾತ್ರಿಯೂ ಕೆಲಸ ನಡೆಸಿದರು, ವಾಯಿದೆ ಮಾತ್ರ ಮುಂದೂಡಲಿಲ್ಲ. ಸಿಮೆಂಟಿಗೆ ಕಾಯದೆ ಸುಣ್ಣ, ಸುರ್ಕಿ ಗಾರೆಯಲ್ಲಿ ಕಟ್ಟಿಸಿದರು. ಕನ್ನಂಬಾಡಿ ಮೊದಲಾದ ಹಳ್ಳಿಗಳು ಮುಳುಗಿದ್ದನ್ನೂ ಹೇಳಬೇಕು. ನವಿಲುತೀರ್ಥದ ಹಿನ್ನೀರಿನಲ್ಲಿ ಊರು ಕಳಕೊಂಡವರು ನಮ್ಮ ಬೀಗರೊಳಗೂ ಇದ್ದಾರೆ, ಆ ನೋವು ನಮಗೆ ಗೊತ್ತು.

1912ರಿಂದ 1918ರವರೆಗೆ ದಿವಾನರಾಗಿದ್ದರು. ಮೈಸೂರು ಬ್ಯಾಂಕು, ವಿಶ್ವವಿದ್ಯಾಲಯ ಆಗಿನವು.

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕಥೆ ಬೇರೆ. ಅದು ಅವರ ಕಾಲದಲ್ಲೇ ಮಂಜೂರಾದರೂ ಕಟ್ಟಿದವರು, ನಡೆಸಿದವರು ಬೇರೆಯವರು. 1923ರಲ್ಲಿ ಉತ್ಪಾದನೆ ಸುರುವಾದಾಗ ಯುದ್ಧ ಮುಗಿದು ಕಬ್ಬಿಣದ ದರ ಬಿದ್ದಿತ್ತು. ಖರ್ಚು ಜಾಸ್ತಿ, ನುಕಸಾನಿ ದಿನಾ. ಮಹಾರಾಜರು ಅವರನ್ನೇ ಕರೆದು ಅಧ್ಯಕ್ಷರನ್ನಾಗಿ ಮಾಡಿದರು. ರಾಜೀನಾಮೆ ಕೊಟ್ಟು ಹೋದ ಮನುಷ್ಯ ಅದು ನನ್ನ ತಪ್ಪಲ್ಲ ಅಂತ ಮನೆಯಲ್ಲಿ ಕೂಡಬಹುದಿತ್ತು. ಕೂಡಲಿಲ್ಲ. ದುಬಾರಿ ಸಂಬಳದ ಪರದೇಶದವರನ್ನು ಕಡಿಮೆ ಮಾಡಿ ನಮ್ಮ ಹುಡುಗರಿಗೆ ಕೆಲಸ ಕಲಿಸಿದರು, ಖರ್ಚಿನ ಮೇಲೆ ಕಣ್ಣಿಟ್ಟರು. 1929ರವರೆಗೆ ಇದ್ದು ಕಾರ್ಖಾನೆ ನಿಲ್ಲುವಂತೆ ಮಾಡಿ ಹೊರಬಂದರು, ಅಂದರೆ ತನ್ನ ಕಾಲ ಮೇಲೆ ನಿಲ್ಲುವಂತೆ. ತಮಗೆ ಬರಬೇಕಾದ ಸಂಬಳದ ಹಣವನ್ನು ಬೆಂಗಳೂರಿನಲ್ಲಿ ಹುಡುಗರಿಗೆ ಕಸಬು ಕಲಿಸುವ ಸಂಸ್ಥೆಗೆ ಬಿಟ್ಟುಕೊಟ್ಟರು. ಅದಕ್ಕೆ ತಮ್ಮ ಹೆಸರು ಇಡಗೊಡಲಿಲ್ಲ, ಜಯಚಾಮರಾಜೇಂದ್ರರ ಹೆಸರು ಬಂತು.

1955ರಲ್ಲಿ ಭಾರತರತ್ನ ಬಂತು. ಅದಕ್ಕಿಂತ ಮೊದಲು, 1952ರಲ್ಲಿ, ಬಿಹಾರದಲ್ಲಿ ಗಂಗಾ ನದಿಗೆ ಸೇತುವೆ ಎಲ್ಲಿ ಕಟ್ಟಬೇಕು ಅನ್ನುವ ಜಗಳ ಬಿದ್ದಾಗ ಕೇಂದ್ರ ಸರಕಾರ ಅವರನ್ನೇ ಕರೆಯಿತು. ತೊಂಬತ್ತು ದಾಟಿದ ವಯಸ್ಸು. ಕಾಗದ ನೋಡಿ ಹೇಳಿ ಕಳಿಸಲಿಲ್ಲ, ತಾವೇ ಅಲ್ಲಿಗೆ ಹೋಗಿ ಜಾಗ ನೋಡಿ ಬಂದರು. ಮೊಕಾಮಾದಲ್ಲಿ ಕಟ್ಟಬೇಕೆಂದು ತೀರ್ಮಾನವಾಯಿತು. ಆ ಸೇತುವೆ 1959ರಲ್ಲಿ ಮುಗಿದು ರೈಲು, ಮೋಟಾರು ಓಡಿದವು. 1962ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಸಮಾಧಿ ಮುದ್ದೇನಹಳ್ಳಿಯಲ್ಲಿದೆ.