ಬರದ ಸೀಮೆಯಲ್ಲಿ ವಿಶ್ವೇಶ್ವರಯ್ಯನವರು

ವಿಜಾಪುರ, ಕಲಬುರ್ಗಿಗಳ ಕಡೆಯಿಂದ ಉದ್ಯೋಗವನ್ನರಸಿ ಪುಣೆ, ಮುಂಬಯಿಗಳಿಗೆ ಬಂದಿರುವ ನಮ್ಮ ವಾಚಕರಲ್ಲಿ ಸೊಲ್ಲಾಪುರದ ರೈಲುಮಾರ್ಗವನ್ನು ಅರಿಯದವರು ವಿರಳ. ಬೇಸಿಗೆಯಲ್ಲಿ ಆ ದಾರಿಯಾಗಿ ಬರುವವನಿಗೆ ಬಹುದೂರದವರೆಗೆ ಕಾಣುವುದು ಬಿರುಕುಬಿಟ್ಟ ಹೊಲ, ಜಾಲಿಯ ಗಿಡ, ನೀರಿಲ್ಲದ ಹಳ್ಳ. ದೌಂಡವನ್ನು ದಾಟಿ ಪುಣೆಯತ್ತ ಸಾಗಿದಂತೆ ನೋಟ ಬದಲಾಗುತ್ತದೆ; ಕಬ್ಬಿನ ಹಸಿರು ಹಳಿಯ ಅಂಚಿನವರೆಗೂ ಬಂದು ನಿಲ್ಲುತ್ತದೆ. ಮೇಲಿನ ಆಕಾಶ ಅದೇ, ಸುರಿಯುವ ಮಳೆಯೂ ಹೆಚ್ಚುಕಡಿಮೆ ಅಷ್ಟೇ. ವ್ಯತ್ಯಾಸವನ್ನುಂಟುಮಾಡಿದುದು ಕಾಲುವೆ.

ಈ ಸೀಮೆಯ ಕಾಲುವೆಗಳ ನೀರು ಯಾರಿಗೆ, ಎಷ್ಟು, ಯಾವಾಗ ಸಲ್ಲಬೇಕೆಂಬ ಪ್ರಶ್ನೆಯ ಹಿಂದೆ ತಮ್ಮ ತಾರುಣ್ಯವನ್ನು ಸವೆಸಿದವರು ಒಬ್ಬ ಕನ್ನಡಿಗರು. ಅವರ ಪಟವು ನಮ್ಮವರ ಎಷ್ಟೋ ಹೋಟೆಲುಗಳಲ್ಲಿ ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯ ಮೇಲಿದೆ. ಮೈಸೂರು ಪೇಟ, ನೀಳವಾದ ಕೋಟು, ನಗುವಿಲ್ಲದ ಮುಖ. ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರೆಂದೊಡನೆ ಕನ್ನಂಬಾಡಿಯ ಕಟ್ಟೆಯನ್ನು ನೆನೆಯುವುದು ನಮ್ಮ ರೂಢಿ. ಆದರೆ ಅವರು ಮೈಸೂರಿನ ಮುಖ್ಯ ಇಂಜಿನಿಯರಾಗುವುದಕ್ಕೆ ಮೊದಲು ಇಪ್ಪತ್ತನಾಲ್ಕು ವರ್ಷಗಳ ಕಾಲ ಮುಂಬಯಿ ಪ್ರಾಂತದ ನೌಕರಿಯಲ್ಲಿದ್ದರು. ನಮ್ಮ ಹಾಗೆಯೇ ಪರಸ್ಥಳದಲ್ಲಿ ದುಡಿದರು. ಬರವೆಂದರೇನೆಂಬುದನ್ನು ಹತ್ತಿರದಿಂದ ಕಂಡದ್ದು ಆ ವರ್ಷಗಳಲ್ಲಿಯೇ. ಈ ಲೇಖನವು ಮುಖ್ಯವಾಗಿ ಆ ಕಾಲಕ್ಕೆ ಸಂಬಂಧಿಸಿದುದು.

ಚಿಕ್ಕಬಳ್ಳಾಪುರಕ್ಕೆ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದ ವಿಶ್ವೇಶ್ವರಯ್ಯನವರು ಇನ್ನೂ ಶಾಲಾ ಬಾಲಕರಾಗಿದ್ದಾಗ, 1876ರಿಂದ 1878ರವರೆಗಿನ ಮಹಾ ಕ್ಷಾಮವು ದಕ್ಷಿಣ ದೇಶವನ್ನು ಆವರಿಸಿತು. 1871ರ ಜನಗಣತಿಯಲ್ಲಿ ಐವತ್ತು ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1881ರ ಗಣತಿಯಲ್ಲಿ ನಲವತ್ತೆರಡು ಲಕ್ಷಕ್ಕಿಳಿಯಿತು. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ನಾಡು ಎಂಟು ಲಕ್ಷಕ್ಕೂ ಮಿಕ್ಕಿ ಜನರನ್ನು ಕಳೆದುಕೊಂಡಿತ್ತು. ಅದೇ ಕ್ಷಾಮವು ಉತ್ತರದಲ್ಲಿ ಕಲಾದಗಿ, ಸೊಲ್ಲಾಪುರ, ಪುಣೆ ಜಿಲ್ಲೆಗಳನ್ನೂ ಹಿಂಡಿತು. ಪುಣೆಯ ದಕ್ಷಿಣಕ್ಕೆ ನೀರಾ ನದಿಯ ಎಡದಂಡೆ ಕಾಲುವೆಯ ಕೆಲಸ ಆಗ ಕ್ಷಾಮ ಪರಿಹಾರವಾಗಿ ಆರಂಭವಾಯಿತು. ಪರಿಹಾರದ ಕಾಮಗಾರಿಗಳಲ್ಲಿ ಕೂಲಿಯ ದರವನ್ನು ಸರ್ಕಾರ ದಿನಕ್ಕೆ ಒಂದು ಪೌಂಡು ಧಾನ್ಯ ಹಾಗೂ ಒಂದಾಣೆಗೆ ಇಳಿಸಿದಾಗ ಮುಂಬಯಿ ಪ್ರಾಂತದ ಕೂಲಿಕಾರರು ಕೆಲಸ ಬಿಟ್ಟು ಪ್ರತಿಭಟಿಸಿದ್ದುಂಟು. ಹಸಿದವರು ತೋಡಿದ ಕಾಲುವೆ ಅದು. ಮುಂದೆ ವಿಶ್ವೇಶ್ವರಯ್ಯನವರ ಹೆಸರು ಇದೇ ಕಾಲುವೆಯೊಂದಿಗೆ ಸೇರಬೇಕಾಗಿತ್ತು.

ಬೆಂಗಳೂರಿನಲ್ಲಿ ಬಿ.ಎ. ಮುಗಿಸಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ಬಲದಿಂದ ಪುಣೆಯ ವಿಜ್ಞಾನ ಕಾಲೇಜನ್ನು ಸೇರಿದ ಅವರು 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಾಂತಕ್ಕೇ ಮೊದಲಿಗರಾದರು. ಮರುವರ್ಷ ಲೋಕೋಪಯೋಗಿ ಖಾತೆಯಲ್ಲಿ ಸಹಾಯಕ ಇಂಜಿನಿಯರಾಗಿ ನಾಸಿಕ, ಖಾನದೇಶಗಳಿಗೆ ನಿಯುಕ್ತರಾದರು. ಧುಳೆಯ ಬಳಿಯ ಪಾಂಝರಾ ನದಿಗೆ ಕೊಳವೆಯ ಸೈಫನ್ ಹಾಕುವುದು ಅವರಿಗೆ ಒಪ್ಪಿಸಲಾದ ಮೊದಲ ಕೆಲಸಗಳಲ್ಲೊಂದು. ಮಳೆಗಾಲ ಬಂದಿತು, ಪ್ರವಾಹವೇರಿತು, ತೋಡಿದ ಜಾಗವನ್ನು ಮರಳು ಮುಚ್ಚಿತು. ಕೆಲಸವನ್ನು ಮುಂದಕ್ಕೆ ಹಾಕಲು ಅನುಮತಿ ಬೇಡಿದ ತರುಣ ಇಂಜಿನಿಯರಿಗೆ ಮೇಲಧಿಕಾರಿಯಿಂದ ಬಂದ ಉತ್ತರದಲ್ಲಿ ಅಸಮಾಧಾನದ ಧ್ವನಿಯಿತ್ತು. ಅವರು ಮತ್ತೆ ಪತ್ರ ಬರೆಯುತ್ತ ಕೂರಲಿಲ್ಲ, ಕೆಲಸವನ್ನು ಪೂರೈಸಿದರು. ಕಚೇರಿಯಲ್ಲಿ ದುಡಿಯುವ ನಮ್ಮ ವಾಚಕರಿಗೆ ಇಂತಹ ಉತ್ತರಗಳ ರುಚಿಯನ್ನು ಬಣ್ಣಿಸಬೇಕಾಗಿಲ್ಲ.

ಈ ಪಾಂಝರಾ ಕಣಿವೆಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಲೇಬೇಕು. ಅಲ್ಲಿನ ರೈತರು ಮುನ್ನೂರು ವರ್ಷಗಳಿಗೂ ಹಿಂದಿನಿಂದ ನದಿಗೆ ಅಡ್ಡಲಾಗಿ ಚಿಕ್ಕ ಒಡ್ಡುಗಳನ್ನು ಕಟ್ಟಿ, ಕಾಲುವೆ ತೆಗೆದು, ಊರೊಟ್ಟಿನಿಂದ ನೀರು ಹಂಚಿಕೊಳ್ಳುತ್ತಿದ್ದರು. ಒಡ್ಡಿನ ಕೆಳಗಿನ ಭೂಮಿಯನ್ನು ಮೂರು ಅಥವಾ ನಾಲ್ಕು ಭಾಗ ಮಾಡುವರು. ಒಂದೊಂದು ಭಾಗಕ್ಕೆ ಫಡವೆಂದು ಹೆಸರು. ಒಂದು ಫಡದಲ್ಲಿ ಆ ವರ್ಷ ಒಂದೇ ಬೆಳೆ: ಒಂದರಲ್ಲಿ ಕಬ್ಬಾದರೆ ಮತ್ತೊಂದರಲ್ಲಿ ಜೋಳ ಅಥವಾ ಗೋಧಿ, ಮರುವರ್ಷ ಸರದಿ ಬದಲಾಗುವುದು. ರೈತನಿಗೆ ಸಾಮಾನ್ಯವಾಗಿ ಪ್ರತಿಯೊಂದು ಫಡದಲ್ಲಿಯೂ ತುಂಡು ಭೂಮಿಯಿರುತ್ತಿತ್ತು. ನೀರು ಬಿಡುವುದಕ್ಕೆ ಪಾಟಕರಿಯೆಂಬ ಊರಿನ ಆಳು. ಅವನ ಮೇಲೆ ಹವಾಲ್ದಾರ. ಎಲ್ಲರ ಮೇಲೆ ಪಂಚರು. ಮಳೆ ಕಡಿಮೆಯಾದ ವರ್ಷ ಯಾವ ಫಡಕ್ಕೆ ನೀರು, ಯಾವುದಕ್ಕೆ ಇಲ್ಲವೆಂಬುದನ್ನು ಎಲ್ಲರೂ ಸೇರಿ ನಿರ್ಧರಿಸುವರು. ಪ್ರತಿ ಫಡದಲ್ಲಿಯೂ ಎಲ್ಲರ ಪಾಲಿರುವುದರಿಂದ ನಷ್ಟ ಒಬ್ಬನ ತಲೆಯ ಮೇಲೆ ಬೀಳದೆ ಊರಿಗೆಲ್ಲ ಹಂಚಿಹೋಗುವುದು. ಇಂಜಿನಿಯರಿಂಗ್ ಪರೀಕ್ಷೆ ಕೊಡದ ಜನರ ವ್ಯವಸ್ಥೆಯಿದು.

ಮುಂದಿನ ಹದಿನೈದು ವರ್ಷಗಳ ಏಳಿಗೆಯನ್ನು ಇಲ್ಲಿ ಬಿಡಿಬಿಡಿಯಾಗಿ ವಿವರಿಸುವುದಿಲ್ಲ. ಸಿಂಧ್ ಪ್ರಾಂತದ ಸುಕ್ಕೂರಿಗೆ 1895ರ ಹೊತ್ತಿಗೆ ಕುಡಿಯುವ ನೀರು ಒದಗಿಸಿದರು. 1899ರಲ್ಲಿ ಅವರು ಪುಣೆಯ ನೀರಾವರಿಯ ಹೊಣೆ ಹೊತ್ತರು. ಅದು ಎಂತಹ ಕಾಲ! 1896-97ರ ಕ್ಷಾಮದ ಗಾಯ ಮಾಯುವ ಮೊದಲೇ ಪುಣೆಯನ್ನು ಪ್ಲೇಗು ಹೊಕ್ಕಿತ್ತು. ಅದರ ಬೆನ್ನಿಗೆ 1899ರಲ್ಲಿ ಮುಂಗಾರು ಮತ್ತೆ ಕೈಕೊಟ್ಟಿತು.

ಈ ಸೀಮೆಗೆ ಬರ ಏಕೆ ಇಷ್ಟು ಸಲ ಬರುತ್ತದೆ? ಪಶ್ಚಿಮದಿಂದ ಬೀಸುವ ಮುಂಗಾರಿನ ಗಾಳಿಯು ಸಹ್ಯಾದ್ರಿಯನ್ನೇರುವಾಗ ತನ್ನ ಭಾರವನ್ನೆಲ್ಲ ಅಲ್ಲಿಯೇ ಇಳಿಸಿಬಿಡುತ್ತದೆ. ಮಹಾಬಲೇಶ್ವರದಲ್ಲಿ ವರ್ಷಕ್ಕೆ 5500 ಮಿಲಿಮೀಟರಿಗೂ ಮೀರಿ ಮಳೆ. ಅಲ್ಲಿಂದ ನೂರು ಕಿಲೋಮೀಟರಿನಷ್ಟು ಪೂರ್ವಕ್ಕೆ, ಬಾರಾಮತಿಯ ಕಡೆ, 500 ಮಿಲಿಮೀಟರಿನ ಆಸುಪಾಸು. ಅಷ್ಟು ಸ್ವಲ್ಪ ಮಳೆಯಲ್ಲಿ ಎರಡು ಹದ ತಪ್ಪಿದರೂ ಜೋಳ ಒಣಗುತ್ತದೆ. ಪೆಸಿಫಿಕ್ ಸಾಗರದ ನೀರು ವಾಡಿಕೆಗಿಂತ ಬೆಚ್ಚಗಾದ ವರ್ಷಗಳಲ್ಲಿ ನಮ್ಮ ಮುಂಗಾರು ದುರ್ಬಲವಾಗುವ ಸಂಭವ ಹೆಚ್ಚೆಂದು ವಿಜ್ಞಾನಿಗಳು ಈಗ ಕಂಡುಕೊಂಡಿದ್ದಾರೆ; 1877 ಮತ್ತು 1899 ಅಂತಹ ವರ್ಷಗಳು. ಆದರೆ ಅನಾವೃಷ್ಟಿ ಬೇರೆ, ಕ್ಷಾಮ ಬೇರೆ. ಮಳೆ ಬಾರದಿರುವುದು ಆಕಾಶದ ಕೆಲಸ. ಇದ್ದ ನೀರು, ಇದ್ದ ಕಾಳು, ಇದ್ದ ಕೂಲಿ ಯಾರ ಪಾಲಾಯಿತೆಂಬುದು ಮನುಷ್ಯರ ಕೆಲಸ. ಬರ ಬಿದ್ದೊಡನೆ ಮೊದಲು ಕೆಲಸ ಕಳೆದುಕೊಳ್ಳುವವನು ಹೊಲವಿಲ್ಲದ ಕೂಲಿಕಾರ. ಅನಂತರ ಮೇವಿಲ್ಲದೆ ದನ ಮಾರುವವನು ಸಣ್ಣ ರೈತ. ಎತ್ತು ಹೋದರೆ ಮರುವರ್ಷ ಮಳೆ ಬಂದರೂ ಉಳುವಂತಿಲ್ಲ. ಆಮೇಲೆ ಉಳಿಯುವುದು ಸಾಹುಕಾರನ ಮನೆ, ಇಲ್ಲವೆ ಪಟ್ಟಣದ ದಾರಿ.

ನೀರಾ ಕಾಲುವೆ ಅಷ್ಟರಲ್ಲಿ ಮುಗಿದಿತ್ತು. ಮೇಲೆ ಭಾಟಘರದಲ್ಲಿ ದೊಡ್ಡ ಕಟ್ಟೆಯೂ ನಿಂತಿತ್ತು. ಹಾಗಿದ್ದೂ ಬರದ ಹೆದರಿಕೆ ತೀರಿರಲಿಲ್ಲ. ಮಳೆ ಚೆನ್ನಾಗಿ ಬಂದ ವರ್ಷ ರೈತರು ಕಾಲುವೆಯ ನೀರನ್ನು ಕೇಳುತ್ತಿರಲಿಲ್ಲ, ಹಣವನ್ನೂ ಕೊಡುತ್ತಿರಲಿಲ್ಲ. ಬರದ ವರ್ಷ ಎಲ್ಲರೂ ಒಮ್ಮೆಗೇ ಮುಗಿಬೀಳುತ್ತಿದ್ದರು. ಕಾಲುವೆಯ ತಲೆಯ ಬಳಿಯವರು ಕಬ್ಬಿಗೆ ಬೇಕಾದುದಕ್ಕಿಂತ ಹೆಚ್ಚು ಹರಿಸಿ ಭೂಮಿಯನ್ನು ಜೌಗು ಮಾಡಿಕೊಂಡರು. ಉಪ್ಪು ಮೇಲೆದ್ದು ಬಿಳಿಯ ಪದರವಾಯಿತು. ಕಾಲುವೆಯ ಬಾಲದಲ್ಲಿದ್ದ ಹಳ್ಳಿಗಳಿಗೆ ತೇವವೂ ತಲುಪಲಿಲ್ಲ. ಒಂದೇ ಕಾಲುವೆಯ ಒಂದು ತುದಿ ನೀರು ಹೆಚ್ಚಾಗಿ ಕೆಟ್ಟಿತು, ಇನ್ನೊಂದು ತುದಿ ನೀರಿಲ್ಲದೆ ಕೆಟ್ಟಿತು. ಕಬ್ಬಿನ ಗದ್ದೆಗಳು ಅಲ್ಲೊಂದು ಇಲ್ಲೊಂದಾಗಿ ಚದುರಿದ್ದುದರಿಂದ ಒಂದು ತುಂಡಿಗೆ ನೀರು ಮುಟ್ಟಿಸಲು ಮೈಲುಗಟ್ಟಲೆ ಕಿರುಗಾಲುವೆ ತುಂಬಿಸಬೇಕಾಗುತ್ತಿತ್ತು. ದಾರಿಯಲ್ಲಿ ಇಂಗಿಹೋದದ್ದೇ ಹೆಚ್ಚು.

ವಿಶ್ವೇಶ್ವರಯ್ಯನವರು ರೂಪಿಸಿದ ಉಪಾಯಕ್ಕೆ ಬ್ಲಾಕ್ ಪದ್ಧತಿಯೆಂದು ಹೆಸರಾಯಿತು. ಪ್ರತಿ ಹಳ್ಳಿಯಲ್ಲಿಯೂ ಮಣ್ಣು ಚೆನ್ನಾಗಿರುವ, ನೀರು ಬಸಿದುಹೋಗುವಂತಹ ಭೂಮಿಯನ್ನು ಆಯ್ದು ಒಂದೆಡೆ ಕೂಡಿಸಿ ಬ್ಲಾಕ್ ಮಾಡುವುದು. ಅದರೊಳಗೆ ಮೂರು ವರ್ಷಗಳ ಸರದಿಯಂತೆ ಬೆಳೆ ಬದಲಿಸುವುದು. ಒಂದು ವರ್ಷಕ್ಕೆ ಮೂರರಲ್ಲಿ ಒಂದು ಪಾಲು ಮಾತ್ರ ಕಬ್ಬು, ಉಳಿದೆಡೆ ಕಡಿಮೆ ನೀರಿನ ಬೆಳೆಗಳು. ಒಪ್ಪಿಕೊಂಡವನಿಗೆ ಹಲವು ವರ್ಷಗಳ ಅವಧಿಗೆ ನೀರಿನ ಭರವಸೆ. ಸರ್ಕಾರಕ್ಕೆ ನಿಶ್ಚಿತವಾದ ಉತ್ಪನ್ನ. ಬಾಲದ ಹಳ್ಳಿಗೂ ಪಾಲು. ಖಾನದೇಶದ ಫಡವನ್ನು ನೋಡಿದವರಿಗೆ ಇದರ ಹೋಲಿಕೆ ಕಣ್ಣಿಗೆ ಬೀಳದಿರದು. ಅಲ್ಲಿ ಪಂಚರಿದ್ದ ಸ್ಥಾನದಲ್ಲಿ ಇಲ್ಲಿ ಕಾಲುವೆಯ ಅಧಿಕಾರಿ ಬಂದು ಕುಳಿತನೆಂಬುದೊಂದು ವ್ಯತ್ಯಾಸ. ಅದು ಸಣ್ಣ ವ್ಯತ್ಯಾಸವಲ್ಲವೆಂದೇ ನನ್ನ ಅಭಿಪ್ರಾಯ.

ಏಕೆಂದರೆ ರೈತರು ಇದನ್ನು ಸಂತೋಷದಿಂದ ಸ್ವಾಗತಿಸಲಿಲ್ಲ. ತನ್ನ ಹೊಲದಲ್ಲಿ ಏನು ಬೆಳೆಯಬೇಕೆಂದು ಸರ್ಕಾರ ಹೇಳುವುದೇ ಎಂಬ ಗುಮಾನಿ ಅವರದು. ತಲೆಯ ಭಾಗದವರಿಗೆ ಕೈಯಲ್ಲಿದ್ದುದನ್ನು ಬಿಟ್ಟುಕೊಡಬೇಕಾದ ಸಂಕಟ. ವಿಶ್ವೇಶ್ವರಯ್ಯನವರು ಅವರನ್ನು ಕೂಡಿಸಿ ಲೆಕ್ಕವನ್ನು ಬಿಡಿಸಿ ತಿಳಿಸಿ ಒಪ್ಪಿಸಬೇಕಾಯಿತು. 1901ರಲ್ಲಿ ನೇಮಕವಾದ ನೀರಾವರಿ ಆಯೋಗದ ಮುಂದೆಯೂ ಅವರು ತಮ್ಮ ಪದ್ಧತಿಯನ್ನು ಮಂಡಿಸಿದರು. ಆಯೋಗವು ಅದನ್ನು ಮೆಚ್ಚಿತು. ಇದೇ ವರ್ಷಗಳಲ್ಲಿ ಪುಣೆಯ ಬಳಿಯ ಖಡಕವಾಸಲಾ ಜಲಾಶಯಕ್ಕೆ, ನೀರು ಗೊತ್ತಾದ ಮಟ್ಟಕ್ಕೇರಿದಾಗ ತಾವಾಗಿಯೇ ತೆರೆದು ಇಳಿದಾಗ ಮುಚ್ಚಿಕೊಳ್ಳುವ ಬಾಗಿಲುಗಳನ್ನು ರಚಿಸಿದರು. 1903ರಲ್ಲಿ ಅವು ಕೆಲಸ ಮಾಡತೊಡಗಿದವು. ಕಟ್ಟೆಯನ್ನು ಎತ್ತರಿಸದೆಯೇ ಸುಮಾರು ಎಂಟಡಿ ನೀರು ಹೆಚ್ಚಾಗಿ ನಿಂತಿತು. ಕೀರ್ತಿ ತಂದುದು ಈ ಬಾಗಿಲುಗಳು. ಹಂಚಿಕೆಯ ಲೆಕ್ಕಕ್ಕೆ ಅಂತಹ ಕೀರ್ತಿ ಬರುವುದಿಲ್ಲ. ಅದನ್ನು ನೋಡಲು ಯಾರೂ ಭಾನುವಾರ ಬುತ್ತಿ ಕಟ್ಟಿಕೊಂಡು ಹೋಗುವುದಿಲ್ಲ.

ಬಿಳಿಯರಿಗೇ ಮೀಸಲಾದಂತಿದ್ದ ಮುಖ್ಯ ಇಂಜಿನಿಯರ ಪದವಿ ತಮಗೆ ದೊರೆಯದೆಂದು ತಿಳಿದು ಅವರು 1908ರಲ್ಲಿ ಮುಂಬಯಿ ಸೇವೆಯನ್ನು ಬಿಟ್ಟರು. ಆ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದನ್ನು ಕೊಚ್ಚಿತು. ಅವರು ಸೂಚಿಸಿದ ಮಾರ್ಗದಲ್ಲಿಯೇ ಮುಂದೆ ಉಸ್ಮಾನಸಾಗರ, ಹಿಮಾಯತಸಾಗರಗಳಾದವು. 1909ರ ನವೆಂಬರಿನಲ್ಲಿ ಮೈಸೂರಿನ ಮುಖ್ಯ ಇಂಜಿನಿಯರಾದರು. 1912ರಿಂದ 1918ರವರೆಗೆ ದಿವಾನರಾಗಿದ್ದರು. 1911ರಲ್ಲಿ ಆರಂಭವಾದ ಕನ್ನಂಬಾಡಿಯ ಕಥೆ ಎಲ್ಲರಿಗೂ ತಿಳಿದದ್ದೇ. ಮಂಡ್ಯದ ಕಾಲುವೆಗೂ ನೀರಾ ತೀರದ ಬ್ಲಾಕ್ ಪದ್ಧತಿಯನ್ನೇ ಅವರು ಸೂಚಿಸಿದರೆಂಬುದು ಮಾತ್ರ ಅಷ್ಟಾಗಿ ತಿಳಿದಿಲ್ಲ. ಪುಣೆಯ ಬರಡು ಸೀಮೆಯಲ್ಲಿ ಕಲಿತದ್ದು ಕಾವೇರಿಯ ತೀರಕ್ಕೆ ಬಂದಿತ್ತು.

ಪದ್ಧತಿಯು ಅವರು ಎಣಿಸಿದಂತೆಯೇ ನಡೆಯಿತೆಂದು ಹೇಳಿದರೆ ಸುಳ್ಳಾದೀತು. ನೀರಾ ಕಣಿವೆಯಲ್ಲಿ ಜೌಗು ಮತ್ತು ಉಪ್ಪಿನ ಕಾಟ ಮುಂದುವರಿಯಿತು. ಸಕ್ಕರೆಯ ಕಾರ್ಖಾನೆಗಳು ಬಂದಂತೆ ಮೂರರಲ್ಲಿ ಒಂದು ಪಾಲೆಂಬ ಕಟ್ಟು ಸಡಿಲವಾಯಿತು. ಕಬ್ಬು ಹಬ್ಬಿತು, ಅದರೊಡನೆ ಕಾಲುವೆಯ ಬಾಲದವರ ದೂರೂ ಹಬ್ಬಿತು. 1972ರ ಬರದಲ್ಲಿ ಮಹಾರಾಷ್ಟ್ರದ ಲಕ್ಷಾಂತರ ಜನ ಮತ್ತೆ ಪರಿಹಾರದ ಕಾಮಗಾರಿಗಳಲ್ಲಿ ಕಲ್ಲೊಡೆದರು. ಆದರೆ 1877ರ ಹಾಗೆ ಸಾಯಲಿಲ್ಲ. ಕೆಲಸ ಕೇಳಿದವನಿಗೆ ಕೆಲಸ ಕೊಡುವುದು ಸರ್ಕಾರದ ಹೊಣೆಯೆಂಬ ಉದ್ಯೋಗ ಖಾತರಿಯ ಯೋಜನೆಯು ಆ ಬರದಲ್ಲಿಯೇ ಬೇರೂರಿ 1977ರಲ್ಲಿ ಶಾಸನವಾಯಿತು.

ವಿಶ್ವೇಶ್ವರಯ್ಯನವರು ನೂರು ವರ್ಷ ದಾಟಿ ಬದುಕಿ 1962ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಅಂತ್ಯಕ್ರಿಯೆ ಹುಟ್ಟೂರಾದ ಮುದ್ದೇನಹಳ್ಳಿಯಲ್ಲಿ ನಡೆಯಿತು, ಸಮಾಧಿ ಅಲ್ಲಿದೆ. ನಂದಿಬೆಟ್ಟದ ಬಳಿಯ ಆ ಸೀಮೆಯಲ್ಲಿ ಪೆನ್ನಾರು, ಪಾಲಾರುಗಳು ಹುಟ್ಟುತ್ತವೆಯಾದರೂ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಕಾವೇರಿಯ ಕಾಲುವೆ ಅಲ್ಲಿಗೆ ಮುಟ್ಟುವುದಿಲ್ಲ. ಚಿಕ್ಕಬಳ್ಳಾಪುರದ ರೈತರು ಕೆರೆಯನ್ನೇ ನಂಬಿದ್ದರು. ಕೆರೆಗಳು ಬತ್ತಿದ ಮೇಲೆ ಕೊಳವೆಬಾವಿ ಕೊರೆದರು. ಅವು ಆಳವಾಗುತ್ತ ಹೋದಂತೆ ನೀರಿನೊಂದಿಗೆ ಫ್ಲೋರೈಡಿನ ವಿಷವೂ ಬಂದಿತು. ಈಚಿನ ವರ್ಷಗಳಲ್ಲಿ ಬೆಂಗಳೂರಿನ ಬಚ್ಚಲು ನೀರನ್ನು ಶುದ್ಧಿಮಾಡಿ ಆ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿದ್ದಾರೆ. ಆ ನೀರು ಎಷ್ಟರಮಟ್ಟಿಗೆ ಶುದ್ಧ, ಯಾವ ಊರಿನ ಕೆರೆಗೆ ಎಷ್ಟು ಎಂದು ಅಲ್ಲಿನ ಜನ ಕೇಳುತ್ತಲೇ ಇದ್ದಾರೆ.