ವಿಷದ ಹಾದಿಯನ್ನರಸಿದ ವೈದ್ಯೆ

ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆಯಂತಹ ಊರಿನ ಅಂಗಡಿಬೀದಿಯಲ್ಲಿ ಸಾಗುವಾಗ, ರೇಡಿಯೋ ಅಥವಾ ಮೊಬೈಲ್ ಫೋನುಗಳನ್ನು ದುರಸ್ತಿ ಮಾಡುವವನ ಮೇಜಿನ ಮುಂದೆ ನಾವು ಒಂದು ಗಳಿಗೆ ನಿಲ್ಲುವುದುಂಟು. ಕಾದ ಬೆಸುಗೆಕಡ್ಡಿಯ ತುದಿಗೆ ತಂತಿ ತಾಗಿದೊಡನೆ ಬೆಳ್ಳಿಯಂತೆ ಹೊಳೆಯುವ ಹನಿಯೊಂದು ಮೂಡುತ್ತದೆ. ತೆಳುವಾದ ಹೊಗೆ ಸುರುಳಿಯಾಗಿ ಮೇಲೆದ್ದು ಅವನ ಬಾಗಿದ ಮುಖವನ್ನು ಸವರಿಹೋಗುತ್ತದೆ. ಆ ಹನಿಯಲ್ಲಿ ತವರದೊಡನೆ ಅನೇಕ ವೇಳೆ ಸೀಸವೂ ಬೆರೆತಿರುತ್ತದೆ. ಸೀಸವು ವಿಷವೆಂಬುದನ್ನು ಪ್ರಾಚೀನರೂ ಬಲ್ಲವರಾಗಿದ್ದರು. ಆದರೆ ಅದು ದುಡಿಯುವವನ ದೇಹವನ್ನು ಯಾವ ದಾರಿಯಿಂದ ಸೇರುತ್ತದೆಂಬುದನ್ನು ಕಾರ್ಖಾನೆಗಳ ಒಳಹೊಕ್ಕು ಅರಸಿದವರಲ್ಲಿ ಅಗ್ರಗಣ್ಯರು ಅಮೆರಿಕದ ಡಾಕ್ಟರ್ ಆಲಿಸ್ ಹ್ಯಾಮಿಲ್ಟನ್.

ಆಲಿಸ್ 1869ರ ಫೆಬ್ರವರಿ 27ರಂದು ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ಬೆಳೆದದ್ದು ಇಂಡಿಯಾನಾ ರಾಜ್ಯದ ಫೋರ್ಟ್ ವೇನ್‌ನಲ್ಲಿ. 1893ರಲ್ಲಿ ಮಿಷಿಗನ್ ವಿಶ್ವವಿದ್ಯಾನಿಲಯದಿಂದ ವೈದ್ಯಪದವಿ ಪಡೆದರು. ಹೆಚ್ಚಿನ ವ್ಯಾಸಂಗಕ್ಕೆಂದು ಜರ್ಮನಿಗೆ ಹೋದಾಗ, ಹೆಂಗಸೆಂಬ ಕಾರಣದಿಂದ ಯಾರ ಕಣ್ಣಿಗೂ ಬೀಳದಂತೆ ಕುಳಿತು ಉಪನ್ಯಾಸಗಳನ್ನು ಕೇಳಬೇಕಾಯಿತು. 1897ರಲ್ಲಿ ಷಿಕಾಗೋ ನಗರಕ್ಕೆ ಬಂದು ಮಹಿಳಾ ವೈದ್ಯಶಾಲೆಯೊಂದರಲ್ಲಿ ಅಧ್ಯಾಪಕಿಯಾದರು. ವಾಸಕ್ಕೆ ಆರಿಸಿಕೊಂಡದ್ದು ಜೇನ್ ಆಡಮ್ಸ್ ನಡೆಸುತ್ತಿದ್ದ ಹಲ್ ಹೌಸ್ ಎಂಬ ಸೇವಾಸಂಸ್ಥೆಯನ್ನು. ಅದರ ಸುತ್ತಲೂ ಯೂರೋಪಿನಿಂದ ವಲಸೆ ಬಂದ ಬಡ ಕಾರ್ಮಿಕರ ಕೇರಿಗಳಿದ್ದವು.

1902ರಲ್ಲಿ ಆ ಕೇರಿಗಳಲ್ಲಿ ವಿಷಮಶೀತಜ್ವರ ಹಬ್ಬಿತು. ನೊಣಗಳೇ ರೋಗವನ್ನು ಹರಡಿದವೆಂದು ಹ್ಯಾಮಿಲ್ಟನ್ ನಿರ್ಣಯಿಸಿದರು. ಅದರಿಂದ ಅವರಿಗೆ ಕೀರ್ತಿಯೂ ಬಂದಿತು. ಆಮೇಲೆ ತಿಳಿದುದೇನೆಂದರೆ, ಚರಂಡಿಯ ನೀರು ಕುಡಿಯುವ ನೀರಿನ ಕೊಳವೆಗೆ ಸೇರಿತ್ತು. ಅಧಿಕಾರಿಗಳು ಅದನ್ನು ಮುಚ್ಚಿಟ್ಟಿದ್ದರು. ತಾವು ತಪ್ಪು ದಾರಿಯನ್ನು ತೋರಿಸಿದೆವೆಂಬುದನ್ನು ಹ್ಯಾಮಿಲ್ಟನ್ ತಮ್ಮ ಆತ್ಮಕಥೆಯಲ್ಲಿ ನಿಸ್ಸಂಕೋಚವಾಗಿ ಒಪ್ಪಿಕೊಂಡಿದ್ದಾರೆ. ಇಂತಹ ಒಪ್ಪಿಗೆ ವಿದ್ವಾಂಸರಲ್ಲಿ ಅಪರೂಪ.

1910ರಲ್ಲಿ ಇಲಿನಾಯ್ ರಾಜ್ಯವು ಉದ್ಯೋಗಜನ್ಯ ರೋಗಗಳ ಸಮೀಕ್ಷೆಯನ್ನು ಅವರಿಗೆ ವಹಿಸಿತು. ಸೀಸವನ್ನು ಬಳಸುವ 70ಕ್ಕೂ ಹೆಚ್ಚು ಬಗೆಯ ಕೆಲಸಗಳು ಅವರ ಕಣ್ಣಿಗೆ ಬಿದ್ದವು. ಕೂಲಿಗಾರರು ಕೈ ತೊಳೆಯದೆ ಉಣ್ಣುವುದರಿಂದಲೇ ರೋಗ ಬರುತ್ತದೆಂಬುದು ಮಾಲೀಕರ ವಾದ. ಗಾಳಿಯಲ್ಲಿ ತುಂಬಿದ ಧೂಳೂ ಹೊಗೆಯೂ ಉಸಿರಿನ ಮೂಲಕ ಒಳಸೇರುವುದೇ ಮುಖ್ಯ ಕಾರಣವೆಂದು ಹ್ಯಾಮಿಲ್ಟನ್ ಕಂಡುಕೊಂಡರು.

ಒಮ್ಮೆ ಸ್ನಾನದ ತೊಟ್ಟಿಗಳಿಗೆ ಬಿಳಿಯ ಲೇಪ ಹಾಕುವ ಪೋಲೆಂಡಿನ ಕಾರ್ಮಿಕನೊಬ್ಬ ಸೀಸದ ವಿಷದಿಂದ ಆಸ್ಪತ್ರೆ ಸೇರಿದ್ದನು. ಕಾರ್ಖಾನೆಗೆ ಹೋಗಿ ನೋಡಿದರೆ ಸೀಸದ ಸುಳಿವೇ ಇಲ್ಲ! ಹ್ಯಾಮಿಲ್ಟನ್ ಆ ರೋಗಿಯನ್ನೇ ಅರಸಿಕೊಂಡು ಹೋದರು. ನಿಜವಾದ ಲೇಪನದ ಕೆಲಸ ನಡೆಯುವುದು ಬೇರೆ ಕಡೆಯೆಂದೂ ಅವರಿಗೆ ತೋರಿಸಿದ್ದು ಕೊನೆಯ ಹದಗೊಳಿಸುವ ವಿಭಾಗವೆಂದೂ ಆಗ ತಿಳಿಯಿತು. ಧೂಳು ಕವಿದ, ಬೆಂಕಿಯ ಝಳದ ಆ ಸ್ಥಳದಿಂದ ತಂದ ಪುಡಿಯಲ್ಲಿ ದೇಹಕ್ಕೆ ಕರಗಿಹೋಗಬಲ್ಲ ಸೀಸ ಶೇಕಡಾ 20ರಷ್ಟಿತ್ತು.

ನ್ಯಾಷನಲ್ ಲೆಡ್ ಕಂಪನಿಯ ಎಡ್ವರ್ಡ್ ಕಾರ್ನಿಷ್ ಎಂಬುವರು ತಮ್ಮ ಕೆಲಸಗಾರರಿಗೆ ವಿಷವೇರುತ್ತಿದೆಯೆಂಬುದನ್ನು ಮೊದಲು ನಂಬಲಿಲ್ಲ. ಹ್ಯಾಮಿಲ್ಟನ್ 22 ರೋಗಿಗಳ ವಿವರವನ್ನು ಮುಂದಿಟ್ಟಾಗ, ಕೊಟ್ಟ ಮಾತಿನಂತೆ ಧೂಳನ್ನೂ ಹೊಗೆಯನ್ನೂ ತಡೆಯುವ ಏರ್ಪಾಟು ಮಾಡಿಸಿದರು, ವೈದ್ಯರನ್ನೂ ನೇಮಿಸಿದರು. 1911ರಲ್ಲಿ ಇಲಿನಾಯ್ ರಾಜ್ಯದಲ್ಲಿ ಕಾಯಿದೆಯೇ ಬಂದಿತು.

ಹ್ಯಾಮಿಲ್ಟನ್ನರ ಅದೇ ಪ್ರಶ್ನೆಯನ್ನು ಬೆಸುಗೆಯ ಮೇಜಿನ ಮುಂದೆ ಕೇಳಿದರೆ ಉತ್ತರ ಬೇರೆಯಾಗುತ್ತದೆ. ತವರ-ಸೀಸದ ಬೆಸುಗೆ ಸುಮಾರು 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗತೊಡಗುತ್ತದೆ. ಕಡ್ಡಿಯ ತುದಿ ಸಾಮಾನ್ಯವಾಗಿ 350 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅಷ್ಟು ಶಾಖಕ್ಕೆ ಸೀಸ ಆವಿಯಾಗುವುದು ಅತ್ಯಲ್ಪ. ಕಣ್ಣಿಗೆ ಕಾಣುವ ಹೊಗೆ ತಂತಿಯೊಳಗಿನ ರಾಳದ್ದು. ಅದನ್ನು ದಿನವೂ ಉಸಿರಾಡುವವರಿಗೆ ಉಬ್ಬಸ ಹತ್ತಬಹುದು. ಒಮ್ಮೆ ಹತ್ತಿದ ಮೇಲೆ ಸ್ವಲ್ಪ ಹೊಗೆಯೂ ಅದನ್ನು ಕೆರಳಿಸುತ್ತದೆ. ಸೀಸವಿಲ್ಲದ ಬೆಸುಗೆಯಲ್ಲಿಯೂ ಈ ತೊಂದರೆ ತಪ್ಪದು. ಆದುದರಿಂದ ಹೊಗೆಯ ಮೇಲೆ ಮುಖವಿಡದೆ, ಅದನ್ನು ಸೆಳೆದು ಕಿಟಕಿಯಾಚೆ ನೂಕುವ ಪುಟ್ಟ ಫ್ಯಾನನ್ನು ಇರಿಸಿಕೊಳ್ಳುವುದು ಲೇಸು. ಸೀಸವಾದರೋ ಬೆರಳಿಗಂಟಿ ಬಾಯಿಯನ್ನು ಸೇರುತ್ತದೆ. ಅಂದು ಮಾಲೀಕರು ನೆಪವಾಗಿ ಹೇಳಿದ ಕೈತೊಳೆಯುವಿಕೆ ಇಲ್ಲಿ ನಿಜವಾಗಿಯೂ ಅಗತ್ಯ! ಕೆಲಸದ ಮೇಜಿನ ಮೇಲೆ ಚಹಾ ಕುಡಿಯುವುದು, ತಂತಿಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುವುದು ಅಪಾಯಕರ. ಉದುರಿದ ಚೂರುಗಳನ್ನು ಗುಡಿಸದೆ ಒದ್ದೆಬಟ್ಟೆಯಿಂದ ಒರಸಬೇಕು. ಮಕ್ಕಳನ್ನು ದೂರವಿರಿಸಬೇಕು, ಏಕೆಂದರೆ ಬೆಳೆಯುವ ಮೆದುಳಿಗೆ ಸೀಸ ಹೆಚ್ಚು ಹಾನಿಕರ.

1919ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯವು ಹ್ಯಾಮಿಲ್ಟನ್ನರನ್ನು ಸಹಾಯಕ ಪ್ರಾಧ್ಯಾಪಕಿಯನ್ನಾಗಿ ನೇಮಿಸಿಕೊಂಡಿತು. ಅಲ್ಲಿಯ ಬೋಧಕವರ್ಗಕ್ಕೆ ಸೇರಿದ ಪ್ರಥಮ ಮಹಿಳೆ ಅವರೇ. ಆದರೆ ಅಧ್ಯಾಪಕರ ಕ್ಲಬ್ಬಿಗೆ ಪ್ರವೇಶವಿಲ್ಲ, ಘಟಿಕೋತ್ಸವದ ಮೆರವಣಿಗೆಯಲ್ಲಿ ಸ್ಥಾನವಿಲ್ಲ. 1935ರಲ್ಲಿ ನಿವೃತ್ತರಾದಾಗಲೂ ಅದೇ ಹುದ್ದೆಯಲ್ಲಿದ್ದರು. 1970ರ ಸೆಪ್ಟೆಂಬರ್ 22ರಂದು, ತಮ್ಮ 101ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕಾರ್ಮಿಕರ ಸುರಕ್ಷತೆ ಮತ್ತು ಆರೋಗ್ಯವನ್ನು ಕುರಿತ ಅಮೆರಿಕದ ರಾಷ್ಟ್ರೀಯ ಕಾಯಿದೆಗೆ ಅಧ್ಯಕ್ಷರ ಅಂಕಿತ ಬಿದ್ದದ್ದು ಅದೇ ವರ್ಷದ ಡಿಸೆಂಬರ್ 29ರಂದು.