ಹಾನ್ಸ್ ಕ್ರಾಸಾ

ಸಂಗೀತಪಾಠದಿಂದ ಮಕ್ಕಳಿಗೆ ಪ್ರಯೋಜನವೇನೆಂದು ಕೆಲವರು ತಾಯಿತಂದೆಗಳು ನಮ್ಮನ್ನು ಕೇಳುವುದುಂಟು. ಅವರ ಮುಂದೆ ಹಾನ್ಸ್ ಕ್ರಾಸಾರವರ ಚರಿತ್ರೆಯನ್ನಿಡಲು ಬಯಸುತ್ತೇವೆ.

ಇವರು 1899ನೆಯ ಇಸವಿಯಲ್ಲಿ ಪ್ರಾಗ್ ಪಟ್ಟಣದಲ್ಲಿ ಜನಿಸಿದರು. 1938ರಲ್ಲಿ, ಅಡಾಲ್ಫ್ ಹಾಫ್‌ಮೈಸ್ಟರ್ ಎಂಬವರು ರಚಿಸಿದ ‘ಬ್ರುಂಡಿಬಾರ್’ ಎಂಬ ಮಕ್ಕಳ ಸಂಗೀತನಾಟಕಕ್ಕೆ ರಾಗಗಳನ್ನು ಕಟ್ಟಿದರು. ಕಾಯಿಲೆ ಬಿದ್ದ ತಾಯಿಗೆ ಹಾಲು ಕೊಳ್ಳಲು ಕಾಸಿಲ್ಲದ ಇಬ್ಬರು ಒಡಹುಟ್ಟಿದವರು ಪೇಟೆಯಲ್ಲಿ ಹಾಡತೊಡಗುತ್ತಾರೆ. ಬ್ರುಂಡಿಬಾರನೆಂಬ ದುಷ್ಟ ವಾದ್ಯಗಾರನು ಅವರನ್ನು ಅಟ್ಟಿಬಿಡುತ್ತಾನೆ. ಆಗ ಗುಬ್ಬಿ, ಬೆಕ್ಕು, ನಾಯಿಗಳೂ ನೆರೆಹೊರೆಯ ಮಕ್ಕಳೂ ಕೂಡಿಬಂದು, ಒಟ್ಟಾಗಿ ಹಾಡಿ, ಅವನನ್ನು ಸೋಲಿಸುತ್ತಾರೆ. ಇದೇ ಕಥೆಯು.

ಕ್ರಾಸಾರವರು ಯೆಹೂದ್ಯರೆಂಬ ಕಾರಣದಿಂದ ನಾಟ್ಸಿಗಳು 1942ರಲ್ಲಿ ಅವರನ್ನು ಟೆರೆಜಿನ್ ಸೆರೆಗೆ ಸಾಗಿಸಿದರು. ಅಲ್ಲಿ ದೊರೆತ ಕೆಲವೇ ವಾದ್ಯಗಳಿಗೆ ಹೊಂದುವಂತೆ ಅವರು ನಾಟಕದ ಸಂಗೀತವನ್ನು ಪುನಃ ಬರೆದರು. 1943ರ ಸೆಪ್ಟೆಂಬರಿನಿಂದ ಸೆರೆಯ ಮಕ್ಕಳೇ ಅದನ್ನು ಸುಮಾರು 55 ಬಾರಿ ಆಡಿದರು. ಪಾತ್ರಧಾರಿಗಳು ಒಬ್ಬೊಬ್ಬರಾಗಿ ಮರಣಶಿಬಿರಗಳಿಗೆ ಒಯ್ಯಲ್ಪಡಲು, ಅವರ ಸ್ಥಾನಕ್ಕೆ ಬೇರೆ ಮಕ್ಕಳು ನಿಂತರು. 1944ರ ಅಕ್ಟೋಬರಿನಲ್ಲಿ ಕ್ರಾಸಾರವರೂ ಆಶ್ವಿಟ್ಜಿನಲ್ಲಿ ಕೊಲ್ಲಲ್ಪಟ್ಟರು.

ಹಾಡು ಅವರ ಪ್ರಾಣವನ್ನು ಉಳಿಸಲಿಲ್ಲವೆಂಬುದು ನಿಜ. ಆದರೂ ಹಾಡುತ್ತಿದ್ದಷ್ಟು ಹೊತ್ತು ಆ ಮಕ್ಕಳು ಮಕ್ಕಳಾಗಿಯೇ ಇದ್ದರು. ಉಳಿದು ಬಂದ ಕೆಲವರು ವೃದ್ಧಾಪ್ಯದಲ್ಲಿಯೂ ಆ ಹಾಡುಗಳನ್ನು ಮರೆತಿರಲಿಲ್ಲ. ಸಂಗೀತದ ತಾಸನ್ನು ನಾವು ಬಿಡದಿರುವುದಕ್ಕೆ ಇಷ್ಟು ಕಾರಣ ಸಾಕು.